ಮೆಕ್ಸಿಕೊ ಸಿಟಿಯಲ್ಲಿ ನಾಲ್ಕು ದಿನ: ಅಜ್ಟೆಕರನ್ನು ಮಗಳಿಗೆ ಎಲ್ಲಿಂದ ತೋರಿಸಲಿ?

ಕೇಳಿದವರು (ಡಲ್ಲಾಸ್‌ನಿಂದ)

ಡಿಸೆಂಬರ್ ರಜೆಗೆ ಮೆಕ್ಸಿಕೊ ಸಿಟಿಗೆ ಹೊರಟಿದ್ದೇವೆ. ಇರುವುದು ನಾಲ್ಕೇ ದಿನ. ಮಗಳಿಗೆ 12 ವರ್ಷ, ಸ್ಪೇನಿನವರು ಬರುವ ಮುಂಚೆ ಅಲ್ಲಿ ಆಳುತ್ತಿದ್ದ ಅಜ್ಟೆಕರ ಪಾಠ ಶಾಲೆಯಲ್ಲಿ ಆಯಿತು. ಅವಳ ತಲೆಯಲ್ಲಿ ಉಳಿದಿರುವುದು ನರಬಲಿ ಒಂದೇ. "ಅವರು ಅಷ್ಟೇನಾ ಅಮ್ಮಾ?" ಅಂತ ಕೇಳಿದಳು. ನನಗೆ ಉತ್ತರ ಗೊತ್ತಿರಲಿಲ್ಲ. ನಾವು ಸಸ್ಯಾಹಾರಿಗಳು. ಮಕ್ಕಳನ್ನು ಕರೆದುಕೊಂಡು ಹೋಗಿ ಬಂದವರು ದಯವಿಟ್ಟು ಹೇಳಿ.

ಎರಡು ವರ್ಷ ಅಲ್ಲೇ ಇದ್ದವರು

ಅಕ್ಕಾ, ಕೆಲಸದ ಮೇಲೆ ಅಲ್ಲಿದ್ದಾಗ ಊರಿಂದ ಬಂದ ನೆಂಟರನ್ನೆಲ್ಲ ನಾನೇ ಸುತ್ತಾಡಿಸಿದ್ದೇನೆ. ಮೊದಮೊದಲು ಎಲ್ಲರನ್ನೂ ಸೀದಾ ಹಳೇ ದೇವಸ್ಥಾನಕ್ಕೇ ಕರೆದೊಯ್ಯುತ್ತಿದ್ದೆ. ಮಕ್ಕಳು ತಲೆಬುರುಡೆ ನೋಡಿ ಬರುತ್ತಿದ್ದರು, ಅದೊಂದೇ ನೆನಪು. ಆಮೇಲೆ ದಾರಿ ಬದಲಿಸಿದೆ. ಮೊದಲು ರೊಟ್ಟಿ ತಟ್ಟುವ ಜಾಗಕ್ಕೆ ಹೋಗಿ.

ಯಾವುದೇ ಸಂತೆಯಲ್ಲಿ ಸಿಗುತ್ತದೆ. ಮೆಕ್ಕೆಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ರಾತ್ರಿಯಿಡೀ ನೆನೆಸಿ, ಸಿಪ್ಪೆ ಉಜ್ಜಿ ತೊಳೆದು ರುಬ್ಬುತ್ತಾರೆ. ಅಂಗಡಿ ಹತ್ತಿರ ನಿಂತರೆ ಆ ಸುಣ್ಣದ ವಾಸನೆ ಮೂಗಿಗೆ ತಾಕುತ್ತದೆ. ಅಜ್ಟೆಕರು ಮಾಡುತ್ತಿದ್ದದ್ದೂ ಹೀಗೇ. ಸುಣ್ಣ ಹಾಕಿದರೆ ಜೋಳದೊಳಗಿನ ನಯಾಸಿನ್ ಅನ್ನುವ ವಿಟಮಿನ್ ಮೈಗೆ ಚೆನ್ನಾಗಿ ಹತ್ತುತ್ತದೆ. ಯೂರೋಪಿನವರು ಜೋಳ ಕೊಂಡೊಯ್ದರು, ಸುಣ್ಣದ ಪದ್ಧತಿ ಬಿಟ್ಟರು. ಮೆಕ್ಕೆಜೋಳವನ್ನೇ ನೆಚ್ಚಿಕೊಂಡ ಬಡವರಿಗೆ ಆ ವಿಟಮಿನ್ ಸಿಗದೆ ಪೆಲಾಗ್ರ ಅನ್ನುವ ಕಾಯಿಲೆ ಬಂತು. ಹಿಟ್ಟು ಅರೆಯುವ ಮೆತಾತೆ ಕಲ್ಲು ನಮ್ಮ ಅಜ್ಜಿಯರ ಅರೆಯುವ ಕಲ್ಲಿನ ಹಾಗೇ ಇದೆ, ಮೂರು ಕಾಲು ಮಾತ್ರ ಜಾಸ್ತಿ.

ಹೊರಡುವ ಮುಂಚೆ ಇನ್ನೊಂದು ಕೆಲಸ ಮಾಡಿ. ಮೆಂಡೋಸಾ ಕೋಡೆಕ್ಸ್ ಅಂತ ಒಂದು ಚಿತ್ರಪುಸ್ತಕ ಇದೆ. ಸ್ಪೇನಿನವರು ಬಂದ ಮೇಲೆ, 1540ರ ಸುಮಾರಿಗೆ ಸ್ಥಳೀಯ ಚಿತ್ರಕಾರರು ಬರೆದದ್ದು. ಈಗ ಆಕ್ಸ್‌ಫರ್ಡ್‌ನಲ್ಲಿದೆ, ಇಂಟರ್‌ನೆಟ್‌ನಲ್ಲಿ ಸುಮ್ನೆ ನೋಡಬಹುದು. ಮಕ್ಕಳನ್ನು ಬೆಳೆಸುವ ಪುಟಗಳನ್ನು ಮಗಳ ಜೊತೆ ಕೂತು ನೋಡಿ. ಮಗುವಿಗೆ ಎಷ್ಟು ವರ್ಷವೋ ಅಷ್ಟು ಚುಕ್ಕಿ. ಪಕ್ಕದಲ್ಲಿ ಊಟಕ್ಕೆ ಎಷ್ಟು ರೊಟ್ಟಿ ಅಂತ. ಮೂರು ವರ್ಷಕ್ಕೆ ಅರ್ಧ, ನಾಲ್ಕಕ್ಕೆ ಒಂದು, 12ಕ್ಕೆ ಒಂದೂವರೆ, 13ಕ್ಕೆ ಎರಡು. 12ರ ಹುಡುಗಿ ರಾತ್ರಿ ಎದ್ದು ಕಸ ಗುಡಿಸುತ್ತಿದ್ದಾಳೆ. 13ರ ಹುಡುಗಿ ಕಲ್ಲಿನ ಮುಂದೆ ಕೂತು ಹಿಟ್ಟು ಅರೆಯುತ್ತಿದ್ದಾಳೆ. ಹೇಳಿದ ಮಾತು ಕೇಳದ 11ರ ಹುಡುಗನನ್ನು ಅಪ್ಪ ಮೆಣಸಿನಕಾಯಿ ಹೊಗೆಗೆ ಹಿಡಿದಿದ್ದಾನೆ! ನಮ್ಮಲ್ಲೂ ಹಿರಿಯರು ಹೆದರಿಸುತ್ತಿದ್ದದ್ದು ಅದನ್ನೇ ಅಲ್ವಾ.

ಕೇಳಿದವರು

ಚಿತ್ರ ತೋರಿಸಿದೆ. "ನಾನಾಗಿದ್ದರೆ ಒಂದೂವರೆ" ಅಂತ ಲೆಕ್ಕ ಹಾಕಿಕೊಂಡು ಕೂತಿದ್ದಾಳೆ. ಆದರೆ ತಲೆಬುರುಡೆಗಳ ವಿಷಯಕ್ಕೆ ಏನು ಮಾಡಲಿ? ಆ ಭಾಗ ತೋರಿಸದೇ ಬಂದುಬಿಡಲಾ?

ಎರಡು ವರ್ಷ ಅಲ್ಲೇ ಇದ್ದವರು

ಬೇಡ ಅಕ್ಕಾ, ಮುಚ್ಚಿಡಬೇಡಿ. ಅವಳು ಕೇಳಿರುವುದೇ ಅದನ್ನು.

ಎರಡನೇ ದಿನ ಊರಿನ ನಡುವಿನ ಸೊಕಾಲೊ ಚೌಕಕ್ಕೆ ಹೋಗಿ. 1325ರಲ್ಲಿ ಕಟ್ಟಿದರೆಂದು ಹೇಳುವ ತೆನೊಚ್ತಿತ್ಲಾನ್ ನಗರ ಇದ್ದದ್ದು ಅಲ್ಲೇ, ಸುತ್ತಲೂ ಸರೋವರ. ಆ ಜನ ತಮ್ಮನ್ನು ಮೆಶಿಕಾ ಅಂತ ಕರೆದುಕೊಳ್ಳುತ್ತಿದ್ದರು. ಅಜ್ಟೆಕ್ ಅನ್ನುವ ಹೆಸರು ಬಳಕೆಗೆ ಬಂದದ್ದು ತುಂಬಾ ತಡವಾಗಿ. ದೊಡ್ಡ ಚರ್ಚಿನ ಪಕ್ಕದಲ್ಲೇ ಅವರ ಮುಖ್ಯ ದೇವಸ್ಥಾನ ಟೆಂಪ್ಲೊ ಮಾಯೊರ್ ಇದೆ. 1978ರ ಫೆಬ್ರವರಿಯಲ್ಲಿ ವಿದ್ಯುತ್ ಕಂಪನಿಯ ಕೆಲಸಗಾರರು ಅಗೆಯುವಾಗ ಒಂದು ಕಲ್ಲು ತಾಕಿತು. ಮೂರು ಮೀಟರಿಗಿಂತ ಅಗಲದ ದುಂಡು ಕಲ್ಲು, ಮೇಲೆ ಕೈಕಾಲು ತಲೆ ಬೇರೆಬೇರೆಯಾದ ಹೆಣ್ಣು. ಅವಳು ಅವರ ಪುರಾಣದ ಕೊಯೊಲ್ಶಾವ್ಕಿ. ತಾಯಿಯನ್ನು ಕೊಲ್ಲಲು ಬಂದಳು, ಆಗತಾನೇ ಹುಟ್ಟಿದ ತಮ್ಮ ವಿತ್ಸಿಲೊಪೊಚ್ತ್ಲಿ ಅವಳನ್ನು ಕಡಿದು ಬೆಟ್ಟದಿಂದ ಕೆಳಗೆ ಉರುಳಿಸಿದ. ಆ ತಮ್ಮನ ಗುಡಿ ಮೇಲೆ, ಈ ಕಲ್ಲು ಮೆಟ್ಟಿಲ ಬುಡದಲ್ಲಿ ಇತ್ತು, ಈಗ ಅಲ್ಲಿನ ಮ್ಯೂಸಿಯಮ್ಮಿನಲ್ಲಿದೆ. ಬಲಿಯಾದವರ ದೇಹ ಉರುಳಿ ಬರುತ್ತಿದ್ದದ್ದೂ ಅದೇ ಮೆಟ್ಟಿಲಲ್ಲಿ. ಕಥೆ ಮೊದಲು ಹೇಳಿ, ಆಮೇಲೆ ಕಲ್ಲು ತೋರಿಸಿ.

ಬಲಿಗೆ ಅವರ ನಾವಾಟ್ಲ್ ಭಾಷೆಯಲ್ಲಿ ಒಂದು ಹೆಸರು ನೆಶ್ತ್ಲಾವಲ್ಲಿ. ಸಾಲ ತೀರಿಸುವುದು ಅಂತ ಅರ್ಥ. ದೇವರುಗಳು ಬೆಂಕಿಗೆ ಹಾರಿ, ಪ್ರಾಣ ಕೊಟ್ಟು ಸೂರ್ಯನನ್ನು ನಡೆಸಿದರು, ಆ ಋಣ ನಮ್ಮ ಮೇಲಿದೆ ಅಂತ ಅವರು ನಂಬಿದ್ದರು. ಕನ್ನಡದ ಮಗುವಿಗೆ ಋಣ ಅಂದರೆ ಬೇಗ ಅರ್ಥವಾಗುತ್ತದೆ. ಹಾಗಂತ ಅಲ್ಲಿಗೇ ನಿಲ್ಲಿಸಬೇಡಿ. ಋಣ ಅವರದ್ದಾದರೂ ಬಲಿಗೆ ನಿಂತವರಲ್ಲಿ ಬಹಳ ಮಂದಿ ಯುದ್ಧದಲ್ಲಿ ಸೆರೆ ಸಿಕ್ಕವರು. 2015ರಿಂದ ದೇವಸ್ಥಾನದ ಹತ್ತಿರ ಅಗೆದಾಗ ಸಿಕ್ಕ ಬುರುಡೆಗಳ ಗೋಪುರದಲ್ಲಿ ಹೆಂಗಸರ, ಮಕ್ಕಳ ಬುರುಡೆಗಳೂ ಇವೆ. ಸುತ್ತಲಿನ ಊರುಗಳು ಕಪ್ಪ ಕೊಟ್ಟು ಸೋತಿದ್ದವು. ಅಜ್ಟೆಕರ ಹಳೇ ವೈರಿ ತ್ಲಾಶ್ಕಾಲಾದವರು ಸಾವಿರಗಟ್ಟಲೆ ಬಂದು ಸ್ಪೇನಿನ ದಂಡನಾಯಕ ಕೋರ್ಟೆಸ್‌ನ ಬೆನ್ನಿಗೆ ನಿಂತರು. ಜೊತೆಗೆ ಸಿಡುಬು ಬಂತು. 1521ರ ಆಗಸ್ಟ್ 13ಕ್ಕೆ ನಗರ ಬಿತ್ತು. ಇದನ್ನೆಲ್ಲ ಹೇಳಿ, 12 ವರ್ಷದವಳು ಕೇಳಿಸಿಕೊಳ್ಳುತ್ತಾಳೆ.

ಮಗನ ಜೊತೆ ಹೋಗಿ ಬಂದ ಅಪ್ಪ

ಮಾನವಶಾಸ್ತ್ರ ಮ್ಯೂಸಿಯಮ್ಮಿಗೆ ಅರ್ಧ ದಿನ ಇಡಿ. ಪೂರ್ತಿ ನೋಡಲು ಹೋಗಬೇಡಿ, ಮೆಶಿಕಾ ಹಾಲ್ ಒಂದೇ ಸಾಕು. 1790ರಲ್ಲಿ ಸಿಕ್ಕ ಸೂರ್ಯನ ಕಲ್ಲು ಅಲ್ಲಿದೆ, ಸುಮಾರು 24 ಟನ್. ಅದರ ಒಂದು ಬಳೆಯಲ್ಲಿ 20 ದಿನಗಳ ಗುರುತುಗಳಿವೆ. ಮಗನಿಗೆ ಅದನ್ನು ನಮ್ಮ ಸಂವತ್ಸರದಿಂದ ಬಿಡಿಸಿ ಹೇಳಿದೆ. ನಮಗೆ ಪ್ರಭವ ಮತ್ತೆ ಬರಲು 60 ವರ್ಷ, ಅವರಿಗೆ ವರ್ಷದ ಹೆಸರು ಮರಳಲು 52. ಆ 52 ವರ್ಷ ತುಂಬಿದ ರಾತ್ರಿ ಊರಿನ ಒಲೆಗಳನ್ನೆಲ್ಲ ಆರಿಸಿ ಬೆಟ್ಟದ ಮೇಲೆ ಹೊಸ ಬೆಂಕಿ ಹೊತ್ತಿಸುತ್ತಿದ್ದರು. ಕೊನೆಯದು 1507ರಲ್ಲಿ.

ನನಗೆ ಮರೆಯಲಾಗದ್ದು ಅದೇ ಹಾಲ್‌ನಲ್ಲಿರುವ ಕೊವಾತ್ಲಿಕ್ವೆ ದೇವಿಯ ವಿಗ್ರಹ, ಹಾವಿನ ಲಂಗದ ತಾಯಿ. ಅದೂ 1790ರಲ್ಲೇ ಸಿಕ್ಕಿತು. ಸ್ಥಳೀಯರು ಬಂದು ಪೂಜೆ ಶುರು ಮಾಡಿದರು. ಹೆದರಿದ ಅಧಿಕಾರಿಗಳು, ಪಾದ್ರಿಗಳು ಅವಳನ್ನು ಮತ್ತೆ ಮಣ್ಣಿನಲ್ಲಿ ಹೂತರು. ಊರು ಬಿದ್ದು ಎರಡೂವರೆ ಶತಮಾನ ಕಳೆದ ಮೇಲೂ ಜನ ತಮ್ಮ ತಾಯಿಯ ಗುರುತು ಹಿಡಿದಿದ್ದರು. ಅವಳ ಮುಂದೆ ನಿಂತು ನನಗೆ ಗಂಟಲು ಕಟ್ಟಿತು.

ತೆಯೊತಿವಾಕಾನ್ ಪಿರಮಿಡ್ಡಿಗೂ ಹೋಗಿ, ಆದರೆ ಅದು ಅಜ್ಟೆಕರದ್ದಲ್ಲ. ನಮ್ಮನ್ನು ಕರೆದೊಯ್ದ ಗೈಡ್ ದಿನವಿಡೀ ತಪ್ಪು ಹೇಳಿದ. ಅಜ್ಟೆಕರು ಬರುವ ಹೊತ್ತಿಗೆ ಆ ಊರು ಪಾಳುಬಿದ್ದು ಶತಮಾನಗಳೇ ಕಳೆದಿದ್ದವು. ಆ ಹೆಸರು ಮಾತ್ರ ಇವರು ಇಟ್ಟದ್ದು.

ಸಸ್ಯಾಹಾರಿ, ಮೂರು ಸಲ ಹೋದವಳು

ಊಟದ ಚಿಂತೆ ಬಿಡಿ. ಬೀನ್ಸ್ ತುಂಬಿದ ನೀಲಿ ಜೋಳದ ತ್ಲಾಕೊಯೊ ತಿನ್ನಿ, ಮೇಲೆ ಹೆಚ್ಚಿದ ಪಾಪಾಸುಕಳ್ಳಿ ಹಾಕಿ ಕೊಡುತ್ತಾರೆ. ಬೀನ್ಸಿಗೆ ಹಂದಿ ಕೊಬ್ಬು ಹಾಕುವುದುಂಟು, "ಸಿನ್ ಮಾಂತೇಕಾ" ಅಂತ ಮೊದಲೇ ಹೇಳಿ. ಅಲೆಗ್ರಿಯಾ ಅನ್ನುವ ಸಿಹಿ ನಮ್ಮ ರಾಜಗಿರಿ ಚಿಕ್ಕಿಯೇ. ಆ ಹಿಟ್ಟಿನಲ್ಲಿ ಅಜ್ಟೆಕರು ದೇವರ ಮೂರ್ತಿ ಮಾಡಿ ಪ್ರಸಾದದ ಹಾಗೆ ಹಂಚಿ ತಿನ್ನುತ್ತಿದ್ದರು.

ಊರಂಚಿನ ಕಾಲುವೆಗಳ ಜಾಗ ಸೊಚಿಮಿಲ್ಕೊಗೆ ಭಾನುವಾರ ಹೋಗಬೇಡಿ, ದೋಣಿಗಳ ತುಂಬಾ ಗದ್ದಲ. ವಾರದ ದಿನ ಬೆಳಗ್ಗೆ ಬೇಗ ಹೋಗಿ, ಚಿನಾಂಪಾ ನೋಡಬೇಕು ಅಂತ ಕೇಳಿ. ಕೆರೆಯ ಕೆಸರನ್ನು ಪೇರಿಸಿ ಮಾಡಿದ ಹೊಲ. ಅಂಚು ಕುಸಿಯದ ಹಾಗೆ ಸುತ್ತಲೂ ಮರ ನೆಟ್ಟಿದ್ದಾರೆ. ತೆನೊಚ್ತಿತ್ಲಾನ್ ನಗರಕ್ಕೆ ಸೊಪ್ಪು ತರಕಾರಿ ಬಹುಪಾಲು ಇಂಥ ಹೊಲಗಳಿಂದ ಬರುತ್ತಿತ್ತು. ಇವತ್ತಿಗೂ ಅಲ್ಲಿ ಬೆಳೆಯುತ್ತಾರೆ.

ಸಂತೆಯಲ್ಲಿ ಪಾಪಾಸುಕಳ್ಳಿಯ ಮುಳ್ಳು ಹೆರೆಯುತ್ತಿದ್ದ ಅಜ್ಜಿಯೊಬ್ಬರು ಮೊಮ್ಮಗಳ ಜೊತೆ ನಾವಾಟ್ಲ್ ಮಾತಾಡುತ್ತಿದ್ದರು. ಈಗಲೂ 16 ಲಕ್ಷಕ್ಕೂ ಹೆಚ್ಚು ಜನ ಆಡುವ ಭಾಷೆ ಅದು. ನಮ್ಮ ಟೊಮೆಟೊ, ಸಪೋಟ ಎರಡೂ ಹೆಸರಿನ ಬೇರು ಅಲ್ಲಿದೆ. ನಾನು ಕಲಿತಿದ್ದ ಒಂದೇ ಪದ "ತ್ಲಾಸೊಕಾಮಾತಿ" ಅಂದೆ. ಧನ್ಯವಾದ ಅಂತ. ಅಜ್ಜಿ ಚಾಕು ಕೆಳಗಿಟ್ಟು ನಕ್ಕರು, ಇನ್ನೊಂದು ಹಿಡಿ ಚೀಲಕ್ಕೆ ಹಾಕಿದರು. ಮಗಳಿಗೆ ಆ ಪದ ಹೇಳಿಕೊಟ್ಟು ಕರೆದೊಯ್ಯಿರಿ. ಮತ್ತೆ ಸೋಮವಾರ ಟೆಂಪ್ಲೊ ಮಾಯೊರ್, ಮಾನವಶಾಸ್ತ್ರ ಎರಡೂ ಮ್ಯೂಸಿಯಂ ಮುಚ್ಚಿರುತ್ತವೆ, ಆ ದಿನವನ್ನು ಸಂತೆಗೇ ಇಟ್ಟುಕೊಳ್ಳಿ.