ಸಣ್ಣ ಕೈ, ಸಣ್ಣ ಬಜೆಟ್: ಒಂದೇ ವಾಚ್ ಕೊಳ್ಳುವುದಾದರೆ ಯಾವುದು?

ಮೂರುಮುಳ್ಳು:
ಮಣಿಕಟ್ಟಿನ ಸುತ್ತಳತೆ 160 ಮಿ.ಮೀ. ಆಫೀಸಿಗೂ ಆಗಬೇಕು, ಟೀ ಶರ್ಟ್ ಹಾಕಿದಾಗಲೂ ಆಭಾಸ ಅನ್ನಿಸಬಾರದು. ಎರಡು ವಾಚ್ ಕೊಳ್ಳುವಷ್ಟು ದುಡ್ಡಿಲ್ಲ, ಕೊಂಡದ್ದು ಐದಾರು ವರ್ಷ ಬಾಳಬೇಕು. ಕಣ್ಣಲ್ಲಿರುವುದು ಮೂರು. ಒಂದು, 44 ಮಿ.ಮೀ.ದು, ಡಯಲ್ ಒಳಗೆ ಮೂರು ಪುಟ್ಟ ಡಯಲ್, ಬಂಗಾರದ ಬಣ್ಣ. ಎರಡು, ಹಿಂದೆ ಗಾಜು ಇಟ್ಟು ಒಳಗಿನ ಚಕ್ರ ತೋರಿಸುವ ಆಟೋಮ್ಯಾಟಿಕ್, ಅಂದರೆ ಕೈ ಅಲುಗಾಟಕ್ಕೇ ಕೀಲಿ ತುಂಬಿಕೊಳ್ಳುವುದು. ಮೂರು, ಸಾದಾ ಮೂರು ಮುಳ್ಳಿನ ಕ್ವಾರ್ಟ್ಜ್, ಅಂದರೆ ಸೆಲ್ ಹಾಕಿ ಓಡಿಸುವುದು, ಚರ್ಮದ ಬೆಲ್ಟ್. ಬೆಲೆ ಹೆಚ್ಚುಕಡಿಮೆ ಒಂದೇ. ಮೂರನೆಯದು ಸ್ವಲ್ಪ ಸಪ್ಪೆ ಕಾಣುತ್ತಿದೆ. ಯಾವುದಕ್ಕೆ ಹಾಕಲಿ?

ಚಕ್ರಕೀಲಿ:
ಮೂರನೆಯದು. ಸಪ್ಪೆ ಕಾಣುತ್ತಿರುವುದು ಬಹುಶಃ ಬೆಲ್ಟಿನ ದೆಸೆಯಿಂದ, ಅದನ್ನು ಆಮೇಲೆ ನೋಡೋಣ.

ಬೆಲೆ ಒಂದೇ ಇದ್ದಾಗ ದುಡ್ಡು ಎಲ್ಲಿಗೆ ಹೋಗಿದೆ ಅಂತ ನೋಡಬೇಕು. ಮೊದಲನೆಯದರ ಫೋಟೊ ಹಿಗ್ಗಿಸಿ ನೋಡಿ. ಪುಟ್ಟ ಡಯಲ್‌ಗಳ ಮುಳ್ಳು ಪ್ರತಿ ಫೋಟೊದಲ್ಲೂ ಒಂದೇ ಕಡೆ ನಿಂತಿದ್ದರೆ ಅನುಮಾನ ಪಡಿ. ತೀರಾ ಅಗ್ಗದವುಗಳಲ್ಲಿ ಅವು ಬರೀ ಅಲಂಕಾರ, ಪಕ್ಕದ ಗುಂಡಿಗಳೂ ಅಷ್ಟೇ, ಒತ್ತಿದರೆ ಅಲುಗುವುದಿಲ್ಲ. 'ಮಲ್ಟಿಫಂಕ್ಷನ್' ಅಂತ ಬರೆದಿದ್ದರೆ ಸಾಮಾನ್ಯವಾಗಿ ವಾರ, ತಾರೀಖು, 24 ಗಂಟೆ ತೋರಿಸುತ್ತದೆ, ಸ್ಟಾಪ್‌ವಾಚ್ ಅಲ್ಲ. ಸ್ಟಾಪ್‌ವಾಚ್ ಬೇಕಿದ್ದರೆ 'ಕ್ರೋನೊಗ್ರಾಫ್' ಎಂದೇ ಇರಬೇಕು.

ತಾರೀಖಿನ ಕಿಂಡಿಯೂ ಚಾಡಿ ಹೇಳುತ್ತದೆ. ಕಿಂಡಿ ಡಯಲಿನ ಅಂಚಿಗೆ ಹತ್ತಿರ ಇರದೆ ನಡುವಿಗೆ ಸರಿದಿದ್ದರೆ, ಸಣ್ಣ ಯಂತ್ರವನ್ನು ದೊಡ್ಡ ಕೇಸಿನೊಳಗೆ ಕೂರಿಸಿದ್ದಾರೆ ಅಂತ ಅರ್ಥ. ಕೆಟ್ಟದ್ದು ಅಂತಲ್ಲ, ಆದರೆ ಒಮ್ಮೆ ಕಣ್ಣಿಗೆ ಬಿದ್ದ ಮೇಲೆ ದಿನಾ ಅದೇ ಕಾಣುತ್ತದೆ.

ಬಂಗಾರದ ಬಣ್ಣದ ಬಗ್ಗೆ ಎರಡು ಮಾತು. ವಿವರದಲ್ಲಿ 'ಸ್ಟೇನ್‌ಲೆಸ್ ಸ್ಟೀಲ್ ಬ್ಯಾಕ್' ಎಂದಷ್ಟೇ ಇದ್ದರೆ ಹಿಂಬದಿಯ ಮುಚ್ಚಳ ಮಾತ್ರ ಸ್ಟೀಲು, ಮಿಕ್ಕ ಕೇಸು ಮಿಶ್ರಲೋಹ, ಮೇಲೆ ಗಿಲೀಟು. ಬೆವರು ತಾಗುವ ಕಡೆ, ಅಂದರೆ ಬೆಲ್ಟ್ ಸಿಕ್ಕಿಸುವ ಕೊಂಬುಗಳ ಒಳಮೈ, ಕೇಸಿನ ಅಡಿ ಅಂಚು, ಕೀ ಸುತ್ತ, ಮೊದಲು ಅಲ್ಲೇ ಏಳುತ್ತದೆ. ಗಿಲೀಟು ಹೋದಮೇಲೆ ಕೆಳಗಿನ ಲೋಹ ಚರ್ಮಕ್ಕೆ ತಾಗಿ ಕೆಲವರಿಗೆ ತುರಿಕೆ ಶುರುವಾಗುತ್ತದೆ, ಹೆಚ್ಚಾಗಿ ಅದಕ್ಕೆ ಕಾರಣ ನಿಕಲ್. ನಿಮಗೆ ಬೇಕಾದ್ದು 'ಆಲ್ ಸ್ಟೇನ್‌ಲೆಸ್ ಸ್ಟೀಲ್', ಸಾಧ್ಯವಾದರೆ 316ಎಲ್ ದರ್ಜೆಯ ಸ್ಟೀಲು. ಬಣ್ಣ ಬೆಳ್ಳಿಯದೇ ಇರಲಿ.

ಗಾಜುಗಣ್ಣು:
ಅಳತೆ ಹೇಳದೆ ಉಳಿದದ್ದೆಲ್ಲ ಹೇಳಿದ್ದೀರಿ ಗುರು. 160 ಮಿ.ಮೀ. ಕೈಗೆ 36ರಿಂದ 40 ಮಿ.ಮೀ. ಕೇಸು ಆರಾಮ. ಆದರೆ ಅಡ್ಡಳತೆಗಿಂತ ಮುಖ್ಯವಾದದ್ದು ಮೇಲಿನ ಕೊಂಬಿನ ತುದಿಯಿಂದ ಕೆಳಗಿನ ಕೊಂಬಿನ ತುದಿಯವರೆಗಿನ ಉದ್ದ. ಕ್ಯಾಸಿಯೊ ಎಂಡಿವಿ-106 ತಗೊಳ್ಳಿ: ಅಡ್ಡ 44.2, ಉದ್ದ 48.5, ದಪ್ಪ 12.1 ಮಿ.ಮೀ. ಅಡ್ಡಕ್ಕೆ ದೈತ್ಯ, ಉದ್ದಕ್ಕೆ ಅಲ್ಲ. ಅದಕ್ಕೇ ಸಣ್ಣ ಕೈಯವರೂ ಅದನ್ನು ಹೇಗೋ ಕಟ್ಟಿಕೊಳ್ಳುತ್ತಾರೆ. ಆದರೆ 12 ಮಿ.ಮೀ. ದಪ್ಪ ಅಂಗಿಯ ತೋಳಿನೊಳಗೆ ಸಲೀಸಾಗಿ ನುಗ್ಗುವುದಿಲ್ಲ. ಆಫೀಸಿಗೆ 10ರ ಒಳಗೆ ಇರಲಿ.

ಕೊಳ್ಳುವ ಮೊದಲು ಒಂದು ಕೆಲಸ ಮಾಡಿ. ದಪ್ಪ ರಟ್ಟಿನಲ್ಲಿ ಆ ಉದ್ದದ ಪಟ್ಟಿ ಕತ್ತರಿಸಿ ಮಣಿಕಟ್ಟಿನ ಮೇಲೆ ಅಡ್ಡ ಇಡಿ. ತುದಿಗಳು ಚಪ್ಪಟೆ ಭಾಗ ದಾಟಿ ಗಾಳಿಯಲ್ಲಿ ನಿಂತರೆ ಆ ವಾಚ್ ನಿಮ್ಮದಲ್ಲ. ಕಟ್ಟಿಕೊಂಡು ನೋಡುವುದಾದರೆ ಫೋನನ್ನು ಹತ್ತಿರ ಹಿಡಿದು ಫೋಟೊ ತೆಗೆದು ತೀರ್ಮಾನಿಸಬೇಡಿ, ಹತ್ತಿರದ ವಸ್ತು ಇರುವುದಕ್ಕಿಂತ ದೊಡ್ಡದಾಗಿ ಬರುತ್ತದೆ. ಕನ್ನಡಿ ಮುಂದೆ ಎರಡು ಹೆಜ್ಜೆ ಹಿಂದೆ ನಿಂತು ನೋಡಿ.

ಗಾಜು: ಅಕ್ರಿಲಿಕ್ ಬೇಗ ಗೀಚುತ್ತದೆ, ಆದರೆ ಪಾಲಿಶ್ ಹಾಕಿ ಉಜ್ಜಿದರೆ ಗೀರು ಹೋಗುತ್ತದೆ. ಮಿನರಲ್ ಗಾಜು ಅಷ್ಟು ಬೇಗ ಗೀಚುವುದಿಲ್ಲ, ಗೀಚಿದರೆ ಬದಲಾಯಿಸುವುದೊಂದೇ ದಾರಿ. ಸಫೈರ್ ಸಿಕ್ಕರೆ ಅದೃಷ್ಟ. 'ಸಫೈರ್ ಕೋಟೆಡ್' ಅನ್ನುವುದು ಸಫೈರ್ ಅಲ್ಲ, ಮಿನರಲ್ ಗಾಜಿನ ಮೇಲಿನ ಲೇಪ.

ಸೂರ್ಯಕಾಂತಿ:
ಆಟೋಮ್ಯಾಟಿಕ್ ಅನ್ನು ಯಾರೂ ವಿಚಾರಿಸಲೇ ಇಲ್ಲವಲ್ಲ! ಸೈಕೊ ಎನ್‌ಎಚ್35 ಯಂತ್ರ ಇದ್ದರೆ ಧೈರ್ಯವಾಗಿ ತಗೊಳ್ಳಬಹುದು. 24 ಜ್ಯುವೆಲ್ (ಸವೆತ ತಡೆಯುವ ಪುಟ್ಟ ಹರಳು), ಗಂಟೆಗೆ 21,600 ಬಡಿತ, ಬಿಚ್ಚಿಟ್ಟರೆ ಸುಮಾರು 41 ಗಂಟೆ ಓಡುತ್ತದೆ, ಕೈಯಿಂದ ಕೀಲಿಯೂ ಕೊಡಬಹುದು. ಮುಳ್ಳು ಜಾರುವಂತೆ ಓಡುವ ಚಂದ ಕ್ವಾರ್ಟ್ಜ್‌ನಲ್ಲಿ ಎಲ್ಲಿದೆ?

ಚಕ್ರಕೀಲಿ:
ಚಂದ ಒಪ್ಪಿದೆ. ಆದರೆ ಅದೇ ಎನ್‌ಎಚ್35ಕ್ಕೆ ಕಂಪನಿಯೇ ಹೇಳುವ ನಿಖರತೆ ದಿನಕ್ಕೆ −20ರಿಂದ +40 ಸೆಕೆಂಡ್. ಅಗ್ಗದ ಕ್ವಾರ್ಟ್ಜ್‌ಗಳಲ್ಲಿ ಹೇರಳವಾಗಿ ಸಿಗುವ ಮಿಯೋಟ 2035ಕ್ಕೆ *ತಿಂಗಳಿಗೆ* ±20. ಒಳಗಿನ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ, ಅದನ್ನು ಅರ್ಧ ಮಾಡುತ್ತ 15 ಸಲ ಇಳಿದರೆ ಸರಿಯಾಗಿ ಸೆಕೆಂಡಿಗೊಂದು. ಆಟೋಮ್ಯಾಟಿಕ್‌ನಲ್ಲಿ ಬಡಿತದ ಲಯ ಕಾಯುವ ಕೂದಲೆಳೆ ಸ್ಪ್ರಿಂಗು, ಹೇರ್‌ಸ್ಪ್ರಿಂಗ್, ಅದರ ಜತೆ ಪೈಪೋಟಿ ಮಾಡುವುದು ಕಷ್ಟ.

ಇನ್ನು ಇವರ ಎರಡನೇ ಆಯ್ಕೆಯ ವಿವರದಲ್ಲಿ ಯಂತ್ರದ ಹೆಸರಿದೆಯೇ? ಬರೀ 'ಆಟೋಮ್ಯಾಟಿಕ್' ಎಂದಿದ್ದರೆ ಬೇಡ. ರಿಪೇರಿಗೆ ಬಿಡಿಭಾಗ ಹುಡುಕಲೂ ಹೆಸರು ಬೇಕು. ಹೆಸರಿದ್ದರೂ ಸರ್ವಿಸ್ ಖರ್ಚು ವಾಚಿನ ಬೆಲೆಯ ಹತ್ತಿರಕ್ಕೇ ಬರುತ್ತದೆ. ಮೇಲಾಗಿ ರಾತ್ರಿ 9ರಿಂದ ಬೆಳಗಿನ ಜಾವ 3ರ ನಡುವೆ ತಾರೀಖು ಬದಲಿಸಬಾರದು, ಆಗ ತಾರೀಖಿನ ಚಕ್ರಕ್ಕೆ ಹಲ್ಲು ಸಿಕ್ಕಿಕೊಂಡಿರುತ್ತದೆ, ಬಲವಂತ ಮಾಡಿದರೆ ಮುರಿಯುತ್ತದೆ. ಒಂದೇ ವಾಚ್ ಇಟ್ಟುಕೊಂಡವರಿಗೆ ಇಷ್ಟು ಉಪಚಾರ ಯಾಕೆ?

ಸೂರ್ಯಕಾಂತಿ:
ಸರಿ, ಸೋತೆ. ಹಾಗಾದರೆ ಬಜೆಟ್ ಸ್ವಲ್ಪ ಎಳೆದರೆ ಸೋಲಾರ್ ನೋಡಿ, ಸಿಟಿಜನ್ ಇಕೊ-ಡ್ರೈವ್ ಥರದ್ದು. ಪೂರ್ತಿ ಚಾರ್ಜ್ ಆದರೆ ಅದರ ಎಷ್ಟೋ ಮಾದರಿಗಳು ಕತ್ತಲಲ್ಲೂ ಆರು ತಿಂಗಳು ಓಡುತ್ತವೆ. ಸೆಕೆಂಡ್ ಮುಳ್ಳು ಎರಡೆರಡು ಸೆಕೆಂಡ್ ಹಾರತೊಡಗಿದರೆ ಬೆಳಕು ಸಾಲದು ಅಂತ. ತೋಳಿನೊಳಗೇ ಮುಚ್ಚಿಡುವವರಿಗೆ ಇದೇ ತಾಪತ್ರಯ. ಒಳಗಿರುವುದು ಚಾರ್ಜ್ ಆಗುವ ಸೆಲ್, ಅದರ ಜಾಗಕ್ಕೆ ಮಾಮೂಲಿ ಸೆಲ್ ಹಾಕಲು ಯಾರನ್ನೂ ಬಿಡಬೇಡಿ.

ಮೂರುಮುಳ್ಳು:
ರಟ್ಟಿನ ಪಟ್ಟಿ ಇಟ್ಟು ನೋಡಿದೆ, 47 ಮಿ.ಮೀ. ಸರಿಯಾಗಿ ಕೂರುತ್ತದೆ, 50ಕ್ಕೆ ತುದಿ ಎದ್ದು ನಿಲ್ಲುತ್ತದೆ. ಮೂರನೆಯದು 38 ಮಿ.ಮೀ., ಉದ್ದ 45, ದಪ್ಪ 8.5, ಬೆಲ್ಟ್ ಅಗಲ 20. ಪೂರ್ತಿ ಸ್ಟೀಲ್, ಮಿನರಲ್ ಗಾಜು. 30 ಮೀಟರ್ ಅಂತಿದೆ, ಈಜಬಹುದೇ? ಮತ್ತೆ ಆ ಬೆಲ್ಟ್ ಕಥೆ ಹೇಳಿ.

ಗಾಜುಗಣ್ಣು:
ಈಜಬೇಡಿ. 30 ಮೀಟರ್ ಅಂದರೆ ಕೈ ತೊಳೆಯುವಾಗ ಹನಿ ಸಿಡಿದರೆ ಪರವಾಗಿಲ್ಲ ಅಂತ ಮಾತ್ರ. ಆ ಅಂಕಿ ನಿಂತ ನೀರಿನ ಒತ್ತಡದ್ದು. ಈಜುವವರಿಗೆ 100 ಇರಲಿ. ಎಷ್ಟೇ ಮೀಟರ್ ಇದ್ದರೂ ಬಿಸಿನೀರು, ಸೋಪು ಬೇಡ, ರಬ್ಬರ್ ವಾಷರ್ ಬೇಗ ಸೊರಗುತ್ತದೆ.

ಪಟ್ಟಿಪುರಾಣ:
20 ಮಿ.ಮೀ. ಒಳ್ಳೆಯ ಅಳತೆ, ಬೆಲ್ಟ್ ಬೇಕಾದಷ್ಟು ಸಿಗುತ್ತದೆ. 19, 21 ಇದ್ದಿದ್ದರೆ ಹುಡುಕಾಟವೇ. ಎರಡು ಇಟ್ಟುಕೊಳ್ಳಿ: ಆಫೀಸಿಗೆ ಕೊಂಬಿನ ಹತ್ತಿರ 20 ಇದ್ದು ಬಕಲ್ ಹತ್ತಿರ 16ಕ್ಕೆ ಇಳಿಯುವ ತೆಳು ಚರ್ಮದ್ದು, ಉಳಿದ ಹೊತ್ತಿಗೆ ಬಟ್ಟೆಯದು. ಈ ಇಳಿಜಾರಿನಿಂದಲೇ ಸಾದಾ ವಾಚಿಗೆ ಕಳೆ ಬರುತ್ತದೆ. ಉದ್ದಕ್ಕೆ 115/75 (ರಂಧ್ರವಿರುವ ತುಂಡು, ಬಕಲ್ ಇರುವ ತುಂಡು, ಮಿ.ಮೀ.ನಲ್ಲಿ) ಎಂದು ನಮೂದಿಸಿರುವುದು ನಿಮ್ಮ ಕೈಗೆ ಆಗುತ್ತದೆ, 125/75 ಆದರೆ ಬಾಲ ಹೊರಗೆ ಇಣುಕುತ್ತದೆ. ಹಿಂದಿನಿಂದ ಹಾದುಹೋಗುವ ನೇಟೊ ಪಟ್ಟಿ ವಾಚನ್ನು ಮೇಲೆತ್ತುತ್ತದೆ, 8.5 ದಪ್ಪದ ವಾಚಾದ್ದರಿಂದ ನಡೆಯುತ್ತದೆ.

ಬದಲಿಸುವಾಗ ಮೆತ್ತನೆ ಬಟ್ಟೆಯ ಮೇಲೆ ವಾಚನ್ನು ಬೋರಲು ಹಾಕಿ, ಕೊಂಬಿನ ಒಳಮೈಗೆ ಟೇಪ್ ಅಂಟಿಸಿ. ಕವಲು ತುದಿಯ ಸಾಧನವನ್ನು ಬೆಲ್ಟಿಗೂ ಕೊಂಬಿಗೂ ನಡುವೆ ತೂರಿಸಿ, ಪಿನ್ನಿನ ಅಂಚನ್ನು ಹಿಡಿದು ಒಳಕ್ಕೆ ಒತ್ತಿ. ಬೆರಳು ಅಡ್ಡ ಇಟ್ಟುಕೊಂಡಿರಿ, ಪಿನ್ನು ಚಿಮ್ಮಿದರೆ ಮಂಚದ ಕೆಳಗೇ ಹುಡುಕಬೇಕು. ಹೊಸದು ಹಾಕುವಾಗ ಒಂದು ತುದಿ ರಂಧ್ರಕ್ಕೆ ಕೂರಿಸಿ, ಇನ್ನೊಂದನ್ನು ಒತ್ತಿ ಜಾರಿಸಿದರೆ ಟಿಕ್ ಅನ್ನುತ್ತದೆ. ಅನ್ನದಿದ್ದರೆ ಕೂತಿಲ್ಲ. ಬೆಲ್ಟ್ ಹಿಡಿದು ಜಗ್ಗಿ ನೋಡದೆ ಕೈಗೆ ಕಟ್ಟಬೇಡಿ.

ಚಕ್ರಕೀಲಿ:
ವಾಚ್ ಬಂದ ದಿನವೇ ಪರೀಕ್ಷೆ ಮಾಡಿ, ವಾಪಸ್ ಕೊಡುವ ಗಡುವು ಮುಗಿಯುವ ಮೊದಲು. 12ಕ್ಕೆ ತಿರುಗಿಸಿ, ಗಂಟೆ ಮುಳ್ಳೂ ನಿಮಿಷದ ಮುಳ್ಳೂ ಒಂದರ ಮೇಲೊಂದು ಬರಬೇಕು. ಸೆಕೆಂಡ್ ಮುಳ್ಳು 12, 3, 6, 9ರಲ್ಲಿ ಗೆರೆಯ ಮೇಲೇ ಬೀಳುತ್ತದೆಯೇ ನೋಡಿ. ನಾಲ್ಕೂ ಕಡೆ ಒಂದೇ ದಿಕ್ಕಿಗೆ ತಪ್ಪಿದ್ದರೆ ಮುಳ್ಳು ಓರೆ ಕೂತಿದೆ, ಬಿಚ್ಚಿ ಕೂರಿಸಿದರೆ ಸರಿಹೋಗುತ್ತದೆ. ಒಂದು ಕಡೆ ಸರಿ, ಎದುರು ಕಡೆ ತಪ್ಪು ಅಂದರೆ ಡಯಲ್ಲೇ ನಡುವಿಗೆ ಕೂತಿಲ್ಲ, ವಾಪಸ್ ಕಳಿಸಿ. ತಾರೀಖು ಇದ್ದರೆ ಮಧ್ಯರಾತ್ರಿ ಆಸುಪಾಸಿಗೆ ಬದಲಾಗುತ್ತದೆಯೇ ಅಂತಲೂ ನೋಡಿ. ನಡುಮಧ್ಯಾಹ್ನ ಬದಲಾದರೆ ಗಾಬರಿ ಬೇಡ, ನೀವು 12 ಗಂಟೆ ಹಿಂದೆ ಇಟ್ಟಿದ್ದೀರಿ ಅಷ್ಟೇ.

ಮೂರುಮುಳ್ಳು:
ಆರ್ಡರ್ ಹಾಕಿದೆ. ಸೆಲ್ ಯಾವುದು ಅಂತ ಪುಟದಲ್ಲಿಲ್ಲ.

ಚಕ್ರಕೀಲಿ:
2035 ಯಂತ್ರವಾದರೆ ಎಸ್‌ಆರ್626ಎಸ್‌ಡಬ್ಲ್ಯೂ, 377 ಎಂದೂ ಕರೆಯುತ್ತಾರೆ, ಹೊಸದು ಹಾಕಿದರೆ ಮೂರು ವರ್ಷದ ಲೆಕ್ಕ. ಅದೇ ಅಳತೆಯ ಎಲ್‌ಆರ್626 ಇನ್ನೂ ಅಗ್ಗ, ಆದರೆ ಅದು ಅಲ್ಕಲೈನ್, ಬೇಗ ಮುಗಿಯುತ್ತದೆ, ಸೋರುವ ಭಯವೂ ಜಾಸ್ತಿ. ನಿಂತ ವಾಚನ್ನು ಸತ್ತ ಸೆಲ್ ಸಮೇತ ಮೇಜಿನೊಳಗೆ ಬಿಡಬೇಡಿ, ತೆಗೆಸಿಬಿಡಿ. ಮುಚ್ಚಳ ಬಿಚ್ಚಿದಾಗ ವಾಷರ್ ಹಳೇ ಜಾಗಕ್ಕೇ ಕೂತಿದೆಯೇ ಅಂತ ಎದುರಿಗೇ ನಿಂತು ನೋಡಿ.