1,150 ಅಡಿ ಬೋರ್ ಬತ್ತಿದೆ, ಮಳೆನೀರು ಇಂಗಿಸಿದರೆ ಮತ್ತೆ ನೀರು ಬರುತ್ತದೆಯೇ?

ಕೆಂಪುಮಣ್ಣು (ಪ್ರಶ್ನೆ)

ಕೋಲಾರ ತಾಲ್ಲೂಕು, ಎರಡು ಎಕರೆ ಟೊಮೆಟೊ. ಬೋರ್ 1,150 ಅಡಿ, ಆರೂವರೆ ಇಂಚು, ಕೇಸಿಂಗ್ (ಮಣ್ಣು ಕುಸಿಯದಂತೆ ಬೋರಿನ ಮೇಲ್ಭಾಗಕ್ಕೆ ಇಳಿಸುವ ಕೊಳವೆ) 80 ಅಡಿವರೆಗೆ. ಮೋಟಾರು ಹತ್ತು ನಿಮಿಷ ಓಡಿದರೆ ಗಾಳಿ ಎಳೆಯುತ್ತದೆ. ಬಂದಷ್ಟು ನೀರಿನಲ್ಲೂ ಫ್ಲೋರೈಡ್ ಲೀಟರಿಗೆ 2.4 ಮಿ.ಗ್ರಾಂ ಇದೆ. ಟ್ಯಾಂಕರಿನಿಂದ 5,000 ಲೀಟರ್ ಸುರಿದು ನೋಡಿದರೆ ಅಷ್ಟೂ ಒಳಗೆ ಹೋಯಿತು, ಹಾಗಾಗಿ ಕೇಸಿಂಗ್ ಸುತ್ತ ಇಂಗುಗುಂಡಿ ಮಾಡಿಸುವ ಯೋಚನೆ. ಪ್ರಪಂಚದ ಸಿಹಿನೀರಿನಲ್ಲಿ ಶೇ 30ರಷ್ಟು ಅಂತರ್ಜಲವೇ ಅನ್ನುತ್ತಾರಲ್ಲ, ಇಷ್ಟು ಆಳಕ್ಕೆ ಹೋದರೂ ನಮಗೇಕೆ ಸಿಗುತ್ತಿಲ್ಲ? ಗುಂಡಿಯ ಅಳತೆ ಎಷ್ಟಿರಬೇಕು?

ಶಿಲಾಪದರ

ಶೇ 30ರ ಲೆಕ್ಕ ಸರಿಯೇ. ಭೂಮಿಯ ಒಟ್ಟು ನೀರಿನಲ್ಲಿ ಶೇ 97.5 ಉಪ್ಪುನೀರು. ಉಳಿದ ಎರಡೂವರೆಯಲ್ಲಿ ಮೂರನೇ ಎರಡು ಪಾಲಿಗಿಂತ ಹೆಚ್ಚು ಹಿಮವಾಗಿದೆ, ಸುಮಾರು ಶೇ 30 ನೆಲದಡಿ ಇದೆ, ನದಿ ಸರೋವರಗಳದ್ದು ಚಿಟಿಕೆಯಷ್ಟು. ಆದರೆ ಆ ಅಂತರ್ಜಲ ಎಲ್ಲೆಡೆ ಒಂದೇ ಸಮ ಹರಡಿಲ್ಲ. ಗಂಗಾ ಬಯಲಿನ ಮರಳು ಮೆಕ್ಕಲಿನಲ್ಲಿ ನೂರು ಲೀಟರ್ ಗಾತ್ರದ ನೆಲ ಸುಮಾರು ಹದಿನಾರು ಲೀಟರ್ ನೀರು ಬಿಟ್ಟುಕೊಡುತ್ತದೆ. ಕೋಲಾರದ ಗ್ರಾನೈಟ್, ನೈಸ್ ಬಂಡೆ ಸವೆದು ಸಡಿಲವಾದ ಪದರದಲ್ಲಿ ಸಿಗುವುದು ಒಂದೂವರೆಯಿಂದ ಮೂರು ಲೀಟರ್. ಅದರ ಕೆಳಗಿನ ಗಟ್ಟಿ ಬಂಡೆಯಲ್ಲಿ ಬಿರುಕುಗಳನ್ನು ಬಿಟ್ಟರೆ ನೀರಿಗೆ ಬೇರೆ ಜಾಗವೇ ಇಲ್ಲ, ಆಳಕ್ಕೆ ಹೋದಂತೆ ಬಿರುಕುಗಳೂ ವಿರಳವಾಗುತ್ತವೆ. ಅಂದರೆ ನಮ್ಮ ನೀರಿನ ಉಗ್ರಾಣ ಇರುವುದು ಮೇಲಿನ ಎಂಬತ್ತು ನೂರು ಅಡಿಯಲ್ಲಿ. ನಿಮ್ಮ ಕೇಸಿಂಗ್ ಆ ಪದರವನ್ನೇ ಮುಚ್ಚಿ ಕೆಳಗಿಳಿದಿದೆ.

ಆದಾಯ ಖರ್ಚು ಸಹ ನೋಡಿ. ಮಳೆ ವರ್ಷಕ್ಕೆ ಸುಮಾರು 740 ಮಿ.ಮೀ. ಇಂಥ ನೆಲದಲ್ಲಿ ಅದರ ಶೇ 10ರ ಆಸುಪಾಸು ಮಾತ್ರ ಅಂತರ್ಜಲ ಸೇರುತ್ತದೆ: ಎಕರೆಗೆ ಮೂರು ಲಕ್ಷ ಲೀಟರ್. ಒಂದು ಎಕರೆ ಟೊಮೆಟೊಗೆ ಬೆಳೆಯ ಅವಧಿಯಲ್ಲಿ 500 ಮಿ.ಮೀ. ನೀರು ಬೇಕೆಂದರೆ ಅದು ಇಪ್ಪತ್ತು ಲಕ್ಷ ಲೀಟರ್. ಬೇಸಿಗೆಯಲ್ಲಿ ಪೂರ್ತಿ ಬೋರ್ ನೀರನ್ನೇ ನೆಚ್ಚಿ ಬೆಳೆದರೆ ನಿಮ್ಮ ಒಂದೊಂದು ಎಕರೆಯೂ ಆರೇಳು ಎಕರೆಯ ಇಂಗುನೀರನ್ನು ಎಳೆಯುತ್ತದೆ. ಅಕ್ಕಪಕ್ಕದವರೂ ಹಾಗೇ ಎಳೆದರೆ ಯಾವ ಗುಂಡಿಯೂ ಸರಿದೂಗಿಸಲಾರದು. ಇದನ್ನು ಒಪ್ಪಿಕೊಂಡೇ ಮುಂದಿನ ಕೆಲಸಕ್ಕೆ ಕೈಹಾಕಿ.

ಇಂಗುಗುಂಡಿ

ಟ್ಯಾಂಕರ್ ಪರೀಕ್ಷೆಯಿಂದ ಏನೂ ಗೊತ್ತಾಗಿಲ್ಲ. ಆರೂವರೆ ಇಂಚಿನ 1,150 ಅಡಿ ಬೋರ್ ಖಾಲಿ ಇದ್ದರೆ ಅದರೊಳಗೇ ಸುಮಾರು 7,500 ಲೀಟರ್ ಹಿಡಿಯುತ್ತದೆ. ನೀವು ಸುರಿದದ್ದು ಇಂಗದೆ ಕೊಳವೆಯಲ್ಲೇ ನಿಂತಿರಬಹುದು. ಮೋಟಾರು ಪೈಪು ಎತ್ತಿಸಿ, ನೀರಿನ ಮಟ್ಟ ಅಳೆದು, ಆಮೇಲೆ ಟ್ಯಾಂಕರ್ ಸುರಿಯಿರಿ. ಮಟ್ಟ ಹೆಚ್ಚುಕಡಿಮೆ 770 ಅಡಿ ಮೇಲೇರಬೇಕು. ಗಂಟೆಗೊಮ್ಮೆ ಅಳೆಯಿರಿ. ಮಾರನೆಯ ದಿನವೂ ಅಲ್ಲೇ ನಿಂತಿದ್ದರೆ ಬಿರುಕುಗಳು ನೀರು ಕುಡಿಯುತ್ತಿಲ್ಲ, ಗುಂಡಿಗೆ ದುಡ್ಡು ಹಾಕಬೇಡಿ.

ಮಟ್ಟ ಇಳಿದರೆ ಹೀಗೆ ಮಾಡಿ: ಕೇಸಿಂಗ್ ಸುತ್ತ ಹತ್ತು ಅಡಿ ಉದ್ದ, ಅಗಲ, ಆಳ. ಗುಂಡಿಯ ತಳದಿಂದ ಎರಡು ಮೂರು ಅಡಿವರೆಗಿನ ಕೇಸಿಂಗಿಗೆ ಸಣ್ಣ ತೂತು ಕೊರೆದು ನೈಲಾನ್ ಜಾಲರಿ ಎರಡು ಸುತ್ತು ಬಿಗಿಯಾಗಿ ಕಟ್ಟಿ. ತಳದ ಐದಾರು ಅಡಿಗೆ ದಪ್ಪಕಲ್ಲು, ಅದರ ಮೇಲೆ 40 ಮಿ.ಮೀ. ಜಲ್ಲಿ, ಆಮೇಲೆ 20 ಮಿ.ಮೀ. ಜಲ್ಲಿ, ಜಾಲರಿ ಹಾಸಿ ಮೇಲೊಂದು ಅಡಿ ದಪ್ಪಮರಳು. ಕೇಸಿಂಗಿನ ಬಾಯಿ ನೆಲದಿಂದ ಎರಡು ಅಡಿ ಎತ್ತರದಲ್ಲಿ, ಮುಚ್ಚಳ ಹಾಕಿದಂತೆಯೇ ಇರಲಿ.

ಹಾಳಾಗುವುದು ಬಹುತೇಕ ಹೂಳಿನಿಂದ. ಮರಳಿನ ಮೇಲೆ ಕೂತ ಹೂಳನ್ನು ಕೆರೆದು ತೆಗೆಯಬಹುದು, ಬಿರುಕಿಗೆ ಇಳಿದದ್ದನ್ನು ಯಾರೂ ತೆಗೆಯಲಾರರು. ಅಲ್ಲದೆ ಗುಂಡಿ ತುಂಬ ಕಲ್ಲಿದ್ದರೆ ಅದರಲ್ಲಿ ಹಿಡಿಯುವುದು ಹನ್ನೊಂದು ಸಾವಿರ ಲೀಟರ್ ಅಷ್ಟೇ. 50 ಮಿ.ಮೀ. ಮಳೆ ಬಿದ್ದು ಐದನೇ ಒಂದು ಪಾಲು ಹರಿದರೂ ನಿಮ್ಮ ಎರಡು ಎಕರೆಯಿಂದ ಎಂಬತ್ತು ಸಾವಿರ ಲೀಟರ್ ಬರುತ್ತದೆ. ಆದ್ದರಿಂದ ಮೊದಲು ಕೃಷಿಹೊಂಡ. ಅಲ್ಲಿ ತಿಳಿಯಾದ ಮೇಲ್ಪದರದ ನೀರು ಮಾತ್ರ ಪೈಪಿನಲ್ಲಿ ಗುಂಡಿಗೆ ಬರಲಿ.

ಕಲ್ಲುಬಾವಿ

ಟೊಮೆಟೊ ಹೊಲದ ನೀರನ್ನು ಬೋರಿಗೆ ಬಿಡುವುದನ್ನು ನಾನು ಒಪ್ಪುವುದಿಲ್ಲ. ಗೊಬ್ಬರದ ನೈಟ್ರೇಟ್, ಸಿಂಪಡಿಸಿದ ಔಷಧಿ ಎರಡನ್ನೂ ಮರಳು ಜಲ್ಲಿ ತಡೆಯುವುದಿಲ್ಲ. ಮಣ್ಣಿನ ಮೂಲಕ ಇಳಿಯಬೇಕಾದ ನೀರಿಗೆ ಬಂಡೆಯೊಳಕ್ಕೆ ನೇರ ದಾರಿ ಮಾಡಿಕೊಟ್ಟಂತಾಗುತ್ತದೆ. ಹಳೆಯ ತೆರೆದ ಬಾವಿ ಇದ್ದರೆ ಅದನ್ನೇ ಎತ್ತಿ ನಿಲ್ಲಿಸಿ. ಇಪ್ಪತ್ತೈದು ಅಡಿ ಅಗಲ, ನಲವತ್ತು ಅಡಿ ಆಳದ ಬಾವಿ ತುಂಬಿದರೆ ಐದೂವರೆ ಲಕ್ಷ ಲೀಟರ್, ಅದೂ ಸವೆದ ಪದರದ ನಡುವೆಯೇ.

ಇನ್ನು ಫ್ಲೋರೈಡ್. ಭಾರತೀಯ ಮಾನಕದಲ್ಲಿ ಮಿತಿ 1 ಮಿ.ಗ್ರಾಂ, ಬೇರೆ ಮೂಲವೇ ಇಲ್ಲದಿದ್ದರೆ 1.5. ನಿಮ್ಮದು 2.4, ಕುಡಿಯಲು, ಅಡುಗೆಗೆ ಬಳಸಲೇಬೇಡಿ. ಕುದಿಸಿದರೆ ಆವಿ ಹೋಗಿ ಫ್ಲೋರೈಡ್ ಇನ್ನೂ ಗಟ್ಟಿಯಾಗುತ್ತದೆ. ಗ್ರಾನೈಟಿನ ಖನಿಜಗಳಿಂದಲೇ ಅದು ಕರಗಿ ಬರುವುದು. ನೀರು ಬಂಡೆಯಲ್ಲಿ ಬಹುಕಾಲ ನಿಂತಷ್ಟೂ, ಕ್ಯಾಲ್ಸಿಯಂ ಕಡಿಮೆ ಇದ್ದಷ್ಟೂ ಹೆಚ್ಚು. ಮಳೆನೀರು ಇಂಗಿಸಿದರೆ ಸ್ವಲ್ಪ ತಗ್ಗಬಹುದು, ಆದರೆ ಆ ಭರವಸೆಯ ಮೇಲೆ ಮಕ್ಕಳಿಗೆ ಕುಡಿಸಬಾರದು. ಸಾವಿರ ಚದರಡಿ ತಾರಸಿಯಿಂದ ವರ್ಷಕ್ಕೆ ಐವತ್ತು ಸಾವಿರ ಲೀಟರ್ ಹಿಡಿಯಬಹುದು. ಐದು ಜನರ ಕುಡಿಯುವ, ಅಡುಗೆಯ ನೀರು ದಿನಕ್ಕೆ 25 ಲೀಟರಿನಂತೆ ವರ್ಷಕ್ಕೆ 9,125 ಲೀಟರ್. ಬೆಳಕು ಹೋಗದಂತೆ ಮುಚ್ಚಿದ 10,000 ಲೀಟರಿನ ಸಂಪು ಸಾಕು. ಪ್ರತಿ ಮಳೆಯ ಮೊದಲ ನೂರು ಲೀಟರ್ ಹೊರಗೆ ಬಿಡಿ, ಸೋಸಿ ತುಂಬಿಸಿ, ಕುಡಿಯುವುದನ್ನು ಕುದಿಸಿ.

ಕೆಂಪುಮಣ್ಣು

ತೆರೆದ ಬಾವಿ ಇದೆ, ಅರ್ಧ ಹೂಳು ತುಂಬಿದೆ. ಹತ್ತಿರದ ಕೆರೆಗೆ ಕೆ.ಸಿ. ವ್ಯಾಲಿ ನೀರು ಬರುತ್ತದೆ. ಕೋಡಿ ಹರಿದಾಗ ಅದನ್ನೂ ಬಾವಿಗೆ ತಿರುಗಿಸಬಹುದೇ?

ಕಲ್ಲುಬಾವಿ

ಬೇಡ. 2018ರಿಂದ ಅಲ್ಲಿಗೆ ಬರುತ್ತಿರುವುದು ಬೆಂಗಳೂರಿನ ಕೊಳಚೆಯನ್ನು ಎರಡನೇ ಹಂತದವರೆಗೆ ಶುದ್ಧೀಕರಿಸಿದ ನೀರು. ಕೆರೆಯ ತಳದ ಮಣ್ಣಿನಲ್ಲಿ ಸೋಸಿಯೇ ಅದು ಇಳಿಯಲಿ. ಬಾವಿಗಾಗಲಿ ಬೋರಿಗಾಗಲಿ ನೇರವಾಗಿ ಬಿಡಬಾರದು. ಕೆರೆ ತುಂಬಿದ್ದರೆ ಅದರ ಲಾಭ ಒರತೆಯಾಗಿ ನಿಮ್ಮ ಬಾವಿಗೆ ಬರಬಹುದು.

ಹೂಳನ್ನು ಬೇಸಿಗೆಯಲ್ಲೇ ಬಂಡೆ ಕಾಣುವವರೆಗೆ ಎತ್ತಿಸಿ. ಮಳೆನೀರು ಬರುವ ಕಡೆ ಆರು ಅಡಿ ಉದ್ದ, ನಾಲ್ಕು ಅಡಿ ಅಗಲ, ನಾಲ್ಕು ಅಡಿ ಆಳದ ಎರಡು ಹೂಳುಗುಂಡಿ ಒಂದರ ಹಿಂದೊಂದು ಇರಲಿ. ಎರಡನೆಯದರಿಂದ ಆರಿಂಚು ಪೈಪು ಬಾವಿಯ ನಡುವಿನವರೆಗೆ ಚಾಚಿರಬೇಕು. ಅಂಚಿಗೇ ಬಿಟ್ಟರೆ ಬೀಳುವ ನೀರು ಗೋಡೆ ಕೊರೆದು ಕಲ್ಲು ಕುಸಿಯುತ್ತದೆ. ಔಷಧಿ ಹೊಡೆದ ಹೊಲದ ನೀರು ಬೇಡ, ಬೀಳು ನೆಲ ಮತ್ತು ತಾರಸಿಯದನ್ನು ಮಾತ್ರ ತನ್ನಿ. ಪ್ರತಿ ದೊಡ್ಡ ಮಳೆಯ ನಂತರ ಹೂಳುಗುಂಡಿ ಬರಿದು ಮಾಡಿ. ಸುತ್ತ ಮೂರಡಿ ಕಟ್ಟೆ, ಮೇಲೆ ಜಾಲರಿ ಕಡ್ಡಾಯ.

ಶಿಲಾಪದರ

ಬಾವಿಯ ಮಟ್ಟವನ್ನು ಮೇ ಕೊನೆಗೆ, ನವೆಂಬರ್ ಕೊನೆಗೆ ಅಳೆದು ಬರೆದಿಡಿ, ಅಳೆಯುವ ಮುನ್ನ ಹನ್ನೆರಡು ಗಂಟೆ ಮೋಟಾರು ನಿಂತಿರಬೇಕು. ಇಂಗಿದ್ದು 74 ಮಿ.ಮೀ., ಸವೆದ ಪದರ ಬಿಟ್ಟುಕೊಡುವ ನೀರು ಅದರ ಗಾತ್ರದ ಶೇ 2 ಅಂದುಕೊಂಡರೆ ಏರಿಕೆ ಸುಮಾರು ಹನ್ನೆರಡು ಅಡಿ ಇರಬೇಕು. ನವೆಂಬರಿನಲ್ಲಿ ಎಷ್ಟು ಏರಿದೆ ನೋಡಿಕೊಂಡು ಬೇಸಿಗೆ ಬೆಳೆ ಎಷ್ಟು ಗುಂಟೆಗೆ ಅಂತ ತೀರ್ಮಾನಿಸಿ.