‘ವಿಟ್ರಿಯಾಸಿಟಿ’ ಅಂದರೆ ಹೊಳಪೇ? ಶುಂಠಿ-ಜೇನು ಕ್ಯಾಂಡಿ ಮಳೆಗಾಲದಲ್ಲಿ ಅಂಟಾಗುವುದರ ಬಗ್ಗೆ

ಮಡಿಕೇರಿ_ತಿಂಡಿ:
ಮನೆಯಲ್ಲಿ ಮಾಡುವ ಶುಂಠಿ-ಜೇನು ಕ್ಯಾಂಡಿಯ ಪರೀಕ್ಷಾ ವರದಿಯಲ್ಲಿ ‘ಲಾಸ್ ಆಫ್ ವಿಟ್ರಿಯಾಸಿಟಿ, ಸರ್ಫೇಸ್ ಗ್ರೇನಿಂಗ್’ ಎಂದು ಬರೆದಿದ್ದಾರೆ. ಡಿಕ್ಷನರಿಯಲ್ಲಿ ‘ಗಾಜಿನ ಗುಣ’ ಎಂದಷ್ಟೇ ಇದೆ. ಹೊಳಪು ಹೋಗಿದೆ ಎಂದು ಅರ್ಥವೇ? ಅಳತೆ: ಸಕ್ಕರೆ 800 ಗ್ರಾಂ, ಜೇನು 200 ಗ್ರಾಂ, ನೀರು 250 ಮಿಲಿ, ಸ್ವಲ್ಪ ಶುಂಠಿ ರಸ. ಪಾಕ 150 ಡಿಗ್ರಿಗೆ ಬಂದಾಗ ಒಲೆಯಿಂದ ಇಳಿಸಿ, ಒಂದು ಚಮಚ ಕಾಚಂಪುಳಿ (ಕೊಡಗಿನ ಗಟ್ಟಿ ಹುಳಿರಸ) ಬೆರೆಸಿ ಅಚ್ಚಿಗೆ ಹೊಯ್ಯುತ್ತೇವೆ. ಬೇಸಿಗೆಯಲ್ಲಿ ಪರವಾಗಿಲ್ಲ. ಜೂನ್ ಬಂತೆಂದರೆ ಮೊದಲು ಅಂಟು, ಆಮೇಲೆ ಮೇಲೆಲ್ಲ ಬಿಳಿ ಪುಡಿ.

ಖನಿಜ_ರಸಾಯನ:
ಹೊಳಪು ಅಲ್ಲ, ಸ್ಥಿತಿ. ಲ್ಯಾಟಿನ್‌ನಲ್ಲಿ ‘ವಿಟ್ರಮ್’ ಅಂದರೆ ಗಾಜು, ಪದ ಅಲ್ಲಿಂದ ಬಂದದ್ದು. ಭೂವಿಜ್ಞಾನದವರು ‘ವಿಟ್ರಿಯಸ್ ಲಸ್ಟರ್’ ಎಂದಾಗ ಬರೀ ಹೊಳಪಿನ ಮಾತು. ಬೆಣಚುಕಲ್ಲಿಗೆ ಆ ಹೊಳಪಿದೆ, ಆದರೆ ಒಳಗೆ ಅದು ಪಕ್ಕಾ ಹರಳು. ಜ್ವಾಲಾಮುಖಿಯ ಅಬ್ಸಿಡಿಯನ್ ಮಾತ್ರ ನಿಜವಾದ ಗಾಜು. ಆಹಾರ ವಿಜ್ಞಾನದಲ್ಲಿ, ಭ್ರೂಣ ಘನೀಕರಿಸುವ ‘ವಿಟ್ರಿಫಿಕೇಷನ್’ನಲ್ಲಿ, ಪದ ಸೂಚಿಸುವುದು ಈ ಎರಡನೆಯ ಅರ್ಥವನ್ನು: ಅಣುಗಳು ಸಾಲುಗೂಡಲು ಸಮಯ ಸಿಗದೆ, ದ್ರವದಲ್ಲಿದ್ದ ಹಾಗೇ ಅಡ್ಡಾದಿಡ್ಡಿಯಾಗಿ ಬಿಗಿದುಕೊಂಡ ಘನ. ಡ್ಯೂರಮ್ ಗೋಧಿ ಕೊಳ್ಳುವವರೂ ಈ ಪದ ಬಳಸುತ್ತಾರೆ, ಅಲ್ಲಿ ಕಾಳು ಅರೆಪಾರದರ್ಶಕವೋ ಹಿಟ್ಟುಹಿಟ್ಟೋ ಎಂಬುದಷ್ಟೇ ಲೆಕ್ಕ.

ಕಲ್ಲುಸಕ್ಕರೆ ಮತ್ತು ನಿಮ್ಮ ಕ್ಯಾಂಡಿ ಎರಡರಲ್ಲೂ ಮುಖ್ಯವಾಗಿ ಇರುವುದು ಸುಕ್ರೋಸ್, ಅಂದರೆ ಮಾಮೂಲಿ ಸಕ್ಕರೆ. ಮೊದಲನೆಯದು ನಿಧಾನವಾಗಿ ಬೆಳೆದ ಹರಳು, ಎರಡನೆಯದು ಗಾಜು. ಗಾಜು ಒಂದು ಉಷ್ಣತೆ ದಾಟಿದರೆ ಮೆತ್ತಗಾಗುತ್ತದೆ. ಒಣ ಸುಕ್ರೋಸ್‌ಗೆ ಅದು 60ರ ಮೇಲೆ, ಗ್ಲೂಕೋಸ್‌ಗೆ 31ರ ಆಸುಪಾಸು, ಫ್ರಕ್ಟೋಸ್‌ಗೆ 5 ಡಿಗ್ರಿಯ ಹತ್ತಿರ. ನೀರು ಸೇರಿದಂತೆ ಇದು ಇನ್ನೂ ಕೆಳಗಿಳಿಯುತ್ತದೆ: ಸುಕ್ರೋಸ್‌ನಲ್ಲಿ ಶೇ 2 ನೀರಿದ್ದರೆ ಸುಮಾರು 45, ಶೇ 4 ಇದ್ದರೆ 30ರ ಸಮೀಪ. ಮಳೆಗಾಲದ ಗಾಳಿಯಿಂದ ಮೇಲ್ಪದರ ನೀರು ಹೀರಿ ಮೊದಲು ಅಂಟಾಗುತ್ತದೆ. ಅಣುಗಳಿಗೆ ಓಡಾಡಲು ಜಾಗ ಸಿಕ್ಕಮೇಲೆ ಹರಳುಗಟ್ಟುತ್ತದೆ. ಆ ಬಿಳಿ ಪುಡಿ ಅದೇ, ವರದಿಯ ‘ಗ್ರೇನಿಂಗ್’ ಕೂಡ ಅದೇ.

ಪಾಕ_ಶಾಲೆ:
ಮೇಲಿನವರು ಹೇಳಿದ್ದು ಸರಿ. ಇನ್ನು ಅಳತೆಗೆ ಬರೋಣ. 200 ಗ್ರಾಂ ಜೇನು ತೀರಾ ಜಾಸ್ತಿ. ಜೇನಿನಲ್ಲಿ ಫ್ರಕ್ಟೋಸೇ ಹೆಚ್ಚು, ಅದು ಗಾಜನ್ನು ಕೆಡಿಸುವುದರಲ್ಲಿ ಮೊದಲು. ಸಕ್ಕರೆ 600, ಲಿಕ್ವಿಡ್ ಗ್ಲೂಕೋಸ್ 350, ಜೇನು 50 ಗ್ರಾಂ, ನೀರು 200 ಮಿಲಿ ಇಟ್ಟು ನೋಡಿ. ಲಿಕ್ವಿಡ್ ಗ್ಲೂಕೋಸ್‌ನಲ್ಲಿರುವ ಉದ್ದ ಸರಪಳಿಯ ಅಣುಗಳು ಹರಳು ಕಟ್ಟಲು ಬಿಡುವುದಿಲ್ಲ.

ಸಕ್ಕರೆ ಪೂರ್ತಿ ಕರಗುವ ತನಕ ಮಾತ್ರ ಕೈಯಾಡಿಸಿ. ಪಾತ್ರೆಯ ಅಂಚಿಗೆ ಹತ್ತಿದ ಕಾಳುಗಳನ್ನು ಒದ್ದೆ ಬ್ರಷ್‌ನಿಂದ ಒರೆಸಿ ಕೆಳಗಿಳಿಸಿ. ಒಂದೇ ಕಾಳು ಉಳಿದರೂ ಅದರ ಸುತ್ತ ಇಡೀ ಪಾಕ ಹರಳಾಗಬಹುದು. ಆಮೇಲೆ ಜೋರು ಉರಿ. ನಿಧಾನ ಉರಿಯಲ್ಲಿ ತುಂಬಾ ಹೊತ್ತು ಕುದಿದರೆ ಸುಕ್ರೋಸ್ ಒಡೆದು ಗ್ಲೂಕೋಸ್, ಫ್ರಕ್ಟೋಸ್ ಆಗುತ್ತದೆ. ಜೇನನ್ನು 130 ದಾಟಿದ ಮೇಲೆ ಹಾಕಿ.

ಥರ್ಮಾಮೀಟರ್ ವಿಷಯ ಮುಖ್ಯ: ಮಡಿಕೇರಿ ಸುಮಾರು 1,150 ಮೀಟರ್ ಎತ್ತರದಲ್ಲಿದೆ, ಅಲ್ಲಿ ನೀರು ಕುದಿಯುವುದು 96 ಡಿಗ್ರಿ ಹತ್ತಿರ. ಪುಸ್ತಕದ 150 ಎಂದರೆ ನಿಮಗೆ 146. ನೀವು 150ಕ್ಕೆ ಒಯ್ದರೆ ಬಣ್ಣ ಕಂದಾಗಿ, ಒಡೆದ ಸಕ್ಕರೆ ಹೆಚ್ಚುತ್ತದೆ. ಮೊದಲು ಬರೀ ನೀರು ಕುದಿಸಿ ಥರ್ಮಾಮೀಟರ್ ಎಷ್ಟು ತೋರಿಸುತ್ತದೆ ನೋಡಿ, 100ಕ್ಕೆ ಎಷ್ಟು ಕಡಿಮೆಯೋ ಅಷ್ಟನ್ನು ಪುಸ್ತಕದ 150ರಿಂದ ಕಳೆಯಿರಿ. ಖಾತ್ರಿಗೆ ತಣ್ಣೀರಲ್ಲಿ ಒಂದು ಹನಿ: ಚಿಕ್ಕಿ ಪಾಕದ ಹಾಗೆ ಟಕ್ಕೆಂದು ಮುರಿಯಬೇಕು, ಬಾಗಬಾರದು.

ಮಡಿಕೇರಿ_ತಿಂಡಿ:
ತುಂಬಾ ಉಪಕಾರ. ಕಾಚಂಪುಳಿ ಬಿಡಲೇಬೇಕಾ? ನಮ್ಮ ಕ್ಯಾಂಡಿ ಹೆಸರು ಮಾಡಿರುವುದೇ ಅದರಿಂದ. ಸಕ್ಕರೆ ಪುಡಿ ಉದುರಿಸಿದರೆ ಅಂಟು ನಿಲ್ಲುತ್ತದೆ ಅಂತಾರೆ, ಹೌದಾ?

ಪಾಕ_ಶಾಲೆ:
ಕಾಚಂಪುಳಿ ಗಟ್ಟಿಯಿದ್ದರೂ ಅದರಲ್ಲಿ ನೀರಿದೆ. ಕುದಿ ಮುಗಿದ ಮೇಲೆ ಹಾಕಿದ ನೀರು ಹೊರಗೆ ಹೋಗಲು ದಾರಿಯಿಲ್ಲ, ಕಿಲೋಗೆ 10 ಗ್ರಾಂ ನೀರು ಉಳಿದರೂ ಶೇ 1 ಆಯಿತು. ಜತೆಗೆ 150 ಡಿಗ್ರಿಯಲ್ಲಿ ಹುಳಿ ಬಿದ್ದರೆ ಸುಕ್ರೋಸ್ ಬೇಗ ಒಡೆಯುತ್ತದೆ. ಪಾಕ 115–120ಕ್ಕೆ ಇಳಿದ ಮೇಲೆ ಅರ್ಧ ಚಮಚಕ್ಕೆ ನಿಲ್ಲಿಸಿ, ಉಳಿದ ಹುಳಿಗೆ ಸಿಟ್ರಿಕ್ ಆಸಿಡ್ ಪುಡಿ 5 ಗ್ರಾಂ. ಶುಂಠಿ ರಸವನ್ನೂ ಬಿಡಿ, ಒಣಶುಂಠಿ ಪುಡಿ 8 ಗ್ರಾಂ ಸಾಕು.

ಸಕ್ಕರೆ ಪುಡಿ ಅಂಟನ್ನು ಮರೆಮಾಡುತ್ತದೆ, ಆದರೆ ಪ್ರತಿ ಕಣವೂ ಹರಳು ಬೆಳೆಯಲು ಬೀಜ. ನಿಮ್ಮ ವರದಿಯ ದೂರೇ ಅದು, ಹಾಗಾಗಿ ಬೇಡ.

ಖನಿಜ_ರಸಾಯನ:
ಪ್ಯಾಕಿಂಗ್ ಮರೆಯಬೇಡಿ. ಮಡಿಕೇರಿಯ ಜುಲೈಯಲ್ಲಿ ತೆರೆದ ಕೋಣೆಯಲ್ಲಿ ಮಾಡಿದರೆ ಮೇಲಿನದ್ದೆಲ್ಲ ವ್ಯರ್ಥ. ಕಿಟಕಿ ಮುಚ್ಚಿ, ಡಿಹ್ಯುಮಿಡಿಫೈಯರ್ ಹಾಕಿ, ಆರ್ದ್ರತೆ ಶೇ 40ಕ್ಕಿಂತ ಕೆಳಗೆ ಬಂದ ಮೇಲೆ ಅಚ್ಚು ಬಿಡಿಸಿ. ಬಿಸಿ ಇರುವಾಗ ಸುತ್ತಿದರೆ ಕಾಗದಕ್ಕೆ ಹಿಡಿಯುತ್ತದೆ, ರಾತ್ರಿಯಿಡೀ ಬಿಟ್ಟರೆ ನೀರು ಹೀರುತ್ತದೆ. ಕೈಗೆ ಬಿಸಿ ತಾಗದ ಹಂತ ಬಂದ ಕೂಡಲೇ ಸುತ್ತಿ. ಹೊರಗೆ ತೆಳು ಪ್ಲಾಸ್ಟಿಕ್ ಬದಲು ಒಳಗೆ ಬೆಳ್ಳಿ ಬಣ್ಣದ ಪದರವಿರುವ ಪೌಚ್, ಒಳಗೊಂದು ಸಿಲಿಕಾ ಜೆಲ್ ಪೊಟ್ಟಣ.

ಮುಂದಿನ ಸಲ ಕೆಟ್ಟರೆ ಒಂದನ್ನು ಮುರಿದು ನೋಡಿ. ಮೇಲ್ಮೈ ಮಾತ್ರ ಅಂಟಾಗಿ ಒಳಗೆ ಪಾರದರ್ಶಕವಾಗಿದ್ದರೆ ಪ್ಯಾಕಿಂಗಿನ ದೋಷ. ಇಡೀ ತುಂಡು ಬಾಗಿದರೆ ಪಾಕ ಸಾಲದು, ಇಲ್ಲವೇ ಒಡೆದ ಸಕ್ಕರೆ ಜಾಸ್ತಿ. ನಡುವಿನಿಂದಲೇ ಬಿಳಿಯಾಗಿದ್ದರೆ ಲಿಕ್ವಿಡ್ ಗ್ಲೂಕೋಸ್ ಕಡಿಮೆಯಾಗಿದೆ, ಅಥವಾ ತಣಿಯುವಾಗ ಕೈಯಾಡಿಸಿದ್ದೀರಿ.